ಮಗು ಹುಟ್ಟಿದ ಮೇಲೂ ಹೆರಿಗೆ ಮುಗಿದಿಲ್ಲ

ಹಸು ಕರು ಹಾಕುವುದನ್ನು ನೋಡದ ರೈತರ ಮನೆ ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಇರಲಾರದು. ಕರು ಬಿದ್ದ ಮೇಲೆ ಕಸ ಬೀಳಲು ಎಂಟು ಹತ್ತು ಗಂಟೆ ಆದರೂ ನಾವು ಗಾಬರಿಯಾಗುವುದಿಲ್ಲ. 12 ಗಂಟೆ ಕಳೆದರೆ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೇವೆ. ಕೊಟ್ಟಿಗೆಯ ಈ ಲೆಕ್ಕವನ್ನು ಮನೆಯೊಳಗಿನ ಬಾಣಂತಿಗೆ ಹಾಕಬಾರದು. ಅವಳಿಗೆ ಇರುವುದು ಅರ್ಧ ಗಂಟೆ ಮಾತ್ರ. ಹೇಗೆಂದು ಮೊದಲಿನಿಂದ ನೋಡೋಣ.

ಮೊದಲನೆಯ ಹಂತದಲ್ಲಿ ಗರ್ಭಕೋಶದ ಬಾಯಿ ತೆರೆಯುತ್ತದೆ. ಸುಳ್ಳು ನೋವು ಬಂದು ಹೋಗುತ್ತದೆ. ನಿಜವಾದ ಬೇನೆ ಬಿಟ್ಟು ಬಿಟ್ಟು ಬಂದರೂ ಬರಬರುತ್ತಾ ಹತ್ತಿರವಾಗಿ ಜೋರಾಗುತ್ತದೆ. ಬಾಯಿ ಪೂರ್ತಿ ತೆರೆಯುವುದೆಂದರೆ 10 ಸೆಂಟಿಮೀಟರ್. ಮೊದಲ 5 ಸೆಂಟಿಮೀಟರ್ ಬಹಳ ನಿಧಾನ. ಅಲ್ಲಿಂದ ಮುಂದೆ ಚೊಚ್ಚಲು ಹೆರಿಗೆಗೆ 12 ಗಂಟೆಯವರೆಗೆ, ನಂತರದವಕ್ಕೆ 10 ಗಂಟೆಯವರೆಗೆ ಹಿಡಿಯಬಹುದು. ಈ ಹೊತ್ತಿನಲ್ಲಿ ‘ಮುಕ್ಕಮ್ಮ, ಮುಕ್ಕು’ ಎಂದು ಮನೆಯ ಹಿರಿಯರು ಅವಸರಪಡಿಸುವುದುಂಟು. ಬಾಯಿ ತೆರೆಯುವ ಮೊದಲೇ ಮುಕ್ಕಿದರೆ ತಾಯಿ ದಣಿಯುತ್ತಾಳೆ, ಅಷ್ಟೆ. ನೀರು ಒಡೆದರೆ ಅಥವಾ ರಕ್ತ ಹೋದರೆ ನೋವಿಗೆ ಕಾಯದೆ ಹೊರಡಬೇಕು. ಅಂಚೆಟ್ಟಿ ಕಡೆಯ ಕಾಡುದಾರಿಯ ಹಳ್ಳಿಯವರು ಬೇನೆ ಶುರುವಾದ ಕೂಡಲೇ 108ಕ್ಕೆ ಫೋನ್ ಮಾಡಲಿ; ತಮಿಳುನಾಡಿನಲ್ಲಿ ಈ ಸೇವೆ 2008ರಿಂದ ಇದೆ.

ಎರಡನೆಯದು ಮಗು ಹೊರಬರುವ ಹಂತ. ಮುಕ್ಕಬೇಕೆಂಬ ಒತ್ತಡ ತಾನಾಗಿಯೇ ಬರುತ್ತದೆ. ಮೇಲಿನಿಂದ ಹೊಟ್ಟೆ ಅದುಮಬಾರದು.

ಮಗು ಅತ್ತ ಕೂಡಲೇ ಎಲ್ಲರ ಕಣ್ಣೂ ಮಗುವಿನ ಮೇಲೆ. ಆದರೆ ಮೂರನೆಯ ಹಂತ, ಅಂದರೆ ಮಾಸು ಬೀಳುವುದು, ಇನ್ನೂ ಬಾಕಿ ಇದೆ. ಹಸುವಿನ ಕಸ ಗರ್ಭಕೋಶಕ್ಕೆ ಹತ್ತಾರು ಕಡೆ ಗುಂಡಿ ಹಾಕಿದಂತೆ ಅಂಟಿರುತ್ತದೆ. ಬಿಡುವಾಗ ರಕ್ತ ಹೆಚ್ಚು ಹೋಗುವುದಿಲ್ಲ. ಹೆಂಗಸಿನ ಮಾಸು ರೊಟ್ಟಿಯಂತೆ ಒಂದೇ ತುಂಡು. ಅದು ಬಿಟ್ಟ ಜಾಗದಲ್ಲಿ ತಾಯಿಯ ರಕ್ತನಾಳಗಳು ಬಾಯಿ ತೆರೆದಿರುತ್ತವೆ. ತುಂಬು ಗರ್ಭದಲ್ಲಿ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಅಲ್ಲಿಗೆ ಹರಿಯುತ್ತದೆ. ಗರ್ಭಕೋಶ ಬಿಗಿಯಾಗಿ ಕುಗ್ಗಿದರೆ ಮಾತ್ರ ಆ ನಾಳಗಳು ಮುಚ್ಚುತ್ತವೆ. ಮಾಸು ಒಳಗೇ ಉಳಿದರೆ, ಅದರ ಒಂದು ಚೂರು ನಿಂತರೂ, ಕುಗ್ಗಲು ಅಡ್ಡಿ. ಗಟ್ಟಿಮುಟ್ಟಾದ ತಾಯಿಯೂ ಒಂದೆರಡು ಗಂಟೆಯಲ್ಲಿ ಪ್ರಾಣ ಬಿಡುವುದು ಹೀಗೆ. ಅದಕ್ಕೇ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚುತ್ತಾರೆ.

ಹೊಕ್ಕುಳ ಬಳ್ಳಿಯನ್ನು ಮನೆಯವರು ಎಳೆಯಲೇಬಾರದು. (ಹಸುವಿನ ಕಸಕ್ಕೆ ಕಲ್ಲು ಕಟ್ಟುವುದೂ ತಪ್ಪೇ!)

ಮಾಸು ಬಿದ್ದ ಮೇಲಿನ ಎರಡು ಗಂಟೆಯನ್ನು ನಾಲ್ಕನೆಯ ಹಂತ ಎನ್ನುತ್ತಾರೆ. ಹೊಕ್ಕುಳ ಹತ್ತಿರ ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗಿ ಕೈಗೆ ಸಿಗಬೇಕು. ಮೆತ್ತಗಿದ್ದರೆ, ಬಟ್ಟೆ ಬೇಗ ಬೇಗ ನೆನೆದರೆ, ತಾಯಿ ತಲೆ ಸುತ್ತಿ ಬೆವರಿದರೆ ತಕ್ಷಣ ನರ್ಸಮ್ಮನನ್ನು ಕರೆಯಿರಿ. ತಾಯಿ ಮೂತ್ರ ಮಾಡಲಿ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಕುಗ್ಗದು. ಮೊದಲ ಗಂಟೆಯಲ್ಲೇ ಮೊಲೆ ಕೊಡಲಿ, ಅದರಿಂದಲೂ ಗರ್ಭಕೋಶ ಬಿಗಿಯುತ್ತದೆ.

ದಾರಿಯಲ್ಲೋ ಮನೆಯಲ್ಲೋ ಹೆರಿಗೆ ಆಗಿಬಿಟ್ಟರೆ ಮಗುವನ್ನು ಒರೆಸಿ, ತಾಯಿಯ ಎದೆಗೆ ಒರಗಿಸಿ, ಇಬ್ಬರಿಗೂ ಹೊದಿಸಿ ಆಸ್ಪತ್ರೆಗೆ ಹೊರಡಿ. ಮಾಸು ಆಗಲೇ ಬಿದ್ದಿದ್ದರೆ ಹೂಳಬೇಡಿ. ಕವರಿನಲ್ಲಿ ಕಟ್ಟಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.