ಹಲಸು, ಅನಾನಸಿನ ಪುಟ್ಟ ಕೇಕು

ಮಳೆ ಹಿಡಿಯುವ ಹೊತ್ತಿಗೆ ನಮ್ಮ ತೋಟಗಳಲ್ಲಿ ಹಲಸು ಬಿದ್ದು ಕೊಳೆಯುವುದು ಎಲ್ಲರೂ ಬಲ್ಲ ಸಂಗತಿ. ಬಕ್ಕೆಯನ್ನಾದರೂ ಕೇಳುವವರುಂಟು, ತುಳುವ ಹಣ್ಣು ದನಕ್ಕೆ, ಉಳಿದದ್ದು ಗೊಬ್ಬರಕ್ಕೆ. ಅಡಿಕೆಯ ನಡುವಿನ ಬಾಳೆ, ಗುಡ್ಡದ ಬದಿಯ ಅನಾನಸು ಎಲ್ಲರಲ್ಲೂ ಒಮ್ಮೆಗೇ ಹಣ್ಣಾದರೆ ಪೇಟೆಯಲ್ಲಿ ಧಾರಣೆ ಇಳಿಯುತ್ತದೆ. ಅಡಿಕೆಗೆ ಕೊಳೆರೋಗ, ಕಾಫಿಗೆ ಕಾಂಡಕೊರಕ ತಗಲಿದ ವರ್ಷ ಇಂಥ ಹಣ್ಣಿನ ನಾಲ್ಕು ಕಾಸೂ ಸಣ್ಣ ಬೆಳೆಗಾರನ ಮನೆಗೆ ಆಧಾರವೇ. ಆದ್ದರಿಂದ ಈ ಹಣ್ಣುಗಳಿಂದ ಪುಟ್ಟ ಕೇಕು ಬೇಯಿಸಿ, ಸಕ್ಕರೆ ಪಾಕ ಕುಡಿಸುವ ಕ್ರಮವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ತೋಟದ ಹಣ್ಣು ಕೇಕಿಗೆ ಸೇರಿದ್ದು ಹೊಸತೇನಲ್ಲ. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಎಂಬವರು, ಅಂಜರಕಂಡಿಯ ದಾಲ್ಚಿನ್ನಿ ತೋಟದ ಮರ್ಡೋಕ್ ಬ್ರೌನ್ ತೋರಿಸಿದ ಇಂಗ್ಲೆಂಡಿನ ಕೇಕನ್ನು ನೋಡಿ ತಾವೇ ಒಂದನ್ನು ಮಾಡಿದರಂತೆ. ಅದಕ್ಕೆ ವಿದೇಶಿ ಬ್ರಾಂಡಿಯ ಬದಲು ಗೇರುಹಣ್ಣು, ಕದಳಿ ಬಾಳೆಯಿಂದ ಇಳಿಸಿದ ಮದ್ಯ ಬಳಸಿದರೆಂದು ಹೇಳುತ್ತಾರೆ. ನಮಗೆ ಮದ್ಯದ ಗೊಡವೆ ಬೇಡ; ನಮ್ಮ ಹಣ್ಣೂ ನಡೆಯುತ್ತದೆ ಎಂಬ ಧೈರ್ಯ ಸಾಕು.

ಹಣ್ಣಿನ ಸಿದ್ಧತೆ

ಹಸಿ ಹಣ್ಣನ್ನು ಹಾಗೆಯೇ ಹಾಕಿದರೆ ಅದು ನೀರು ಬಿಟ್ಟು ಕೇಕಿನ ತಳ ಬೇಯುವುದಿಲ್ಲ. ಅನಾನಸನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಸಕ್ಕರೆ ಹಾಕಿ ನೀರು ಆರುವವರೆಗೆ ಬೇಯಿಸಬೇಕು. ಹಲಸಿಗೆ ನಮ್ಮ ಹಿರಿಯರು ತೋರಿಸಿದ ದಾರಿಯೇ ಇದೆ: ಬೆರಟಿ. ತುಳುವ ಹಣ್ಣಿನ ನಾರು ಸೋಸಿ, ಒಂದು ಕಿಲೋ ತಿರುಳಿಗೆ ಅರ್ಧ ಕಿಲೋ ಬೆಲ್ಲ ಹಾಕಿ, ತಳ ಬಿಟ್ಟು ಉಂಡೆ ಕಟ್ಟುವ ತನಕ ಕಾಯಿಸಿದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಲಸಿನ ಕಾಲ ಮೇ-ಜೂನ್, ಕೇಕಿಗೆ ಗಿರಾಕಿ ಹೆಚ್ಚುವುದು ಡಿಸೆಂಬರಿನಲ್ಲಿ. ಈ ನಡುವಿನ ಅಂತರವನ್ನು ಬೆರಟಿಯ ಭರಣಿ ತುಂಬುತ್ತದೆ.

12 ಕೇಕಿಗೆ ಬೇಕಾಗುವ ಸಾಮಾನು

ಮೈದಾ 150 ಗ್ರಾಂ, ಬೆಣ್ಣೆ 100 ಗ್ರಾಂ, ಸಕ್ಕರೆ 100 ಗ್ರಾಂ, ಮೊಟ್ಟೆ 2, ಬೇಕಿಂಗ್ ಪೌಡರ್ 1 ಚಹಾ ಚಮಚ, ಬೇಯಿಸಿದ ಅನಾನಸು 150 ಗ್ರಾಂ, ಒಂದು ಹಿಡಿ ಕಾಯಿತುರಿ. ಅನಾನಸಿನ ಬದಲು ಬೆರಟಿಯಾದರೆ 100 ಗ್ರಾಂ ಸಾಕು. ಅದನ್ನು ಹಾಲಿನಲ್ಲಿ ಮಿದುಮಾಡಿ, ಸಕ್ಕರೆಯನ್ನು 75 ಗ್ರಾಮಿಗೆ ಇಳಿಸಿ. ಮೊಟ್ಟೆ ಬಳಸದವರು 100 ಗ್ರಾಂ ಗಟ್ಟಿ ಮೊಸರು, ಕಾಲು ಚಮಚ ಅಡುಗೆ ಸೋಡಾ ಹಾಕಬಹುದು.

ಬೆಣ್ಣೆ, ಸಕ್ಕರೆಯನ್ನು ನೊರೆಬರುವಂತೆ ಕಡೆದು, ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ. ಬೇಕಿಂಗ್ ಪೌಡರ್ ಬೆರೆಸಿ ಜರಡಿ ಹಿಡಿದ ಮೈದಾ, ಹಣ್ಣು, ಕಾಯಿತುರಿ ಹಾಕಿ ಹಗುರಾಗಿ ಕಲಸಿ. ಬೆಣ್ಣೆ ಸವರಿದ ಸಣ್ಣ ಬಟ್ಟಲುಗಳಿಗೆ ಮುಕ್ಕಾಲು ಭಾಗ ಹೊಯ್ದು, 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 20ರಿಂದ 25 ನಿಮಿಷ ಬೇಯಿಸಿ. ಒವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಮುಚ್ಚಿ, ಮೊದಲೇ ಚೆನ್ನಾಗಿ ಕಾಯಿಸಿಟ್ಟುಕೊಂಡರೂ ಆಗುತ್ತದೆ. ಸಮಯ ತುಸು ಹೆಚ್ಚು ಬೇಕು. ದೊಡ್ಡ ಕೇಕಿನ ಅಂಚು ಸೀದು ನಡು ಹಸಿ ಉಳಿಯುವ ಭಯ ಪುಟ್ಟ ಕೇಕಿಗೆ ಕಡಿಮೆ.

ಪಾಕದ ಹದ

ಸಕ್ಕರೆ 150 ಗ್ರಾಂ, ನೀರು 150 ಮಿಲಿ, ಜಜ್ಜಿದ ಶುಂಠಿ ಸೇರಿಸಿ ಐದು ನಿಮಿಷ ಕುದಿಸಿ, ನಿಂಬೆರಸ ಹಿಂಡಿ ಆರಿಸಿ. ಜಾಮೂನಿನ ಪಾಕದಂತೆ ಅಂಟು ಬಂದರೆ ಸಾಕು, ಎಳೆಪಾಕವಾದರೆ ಒಳಗೆ ಇಳಿಯುವುದಿಲ್ಲ. ಕೇಕು ಬಿಸಿಯಾಗಿರುವಾಗಲೇ ಕಡ್ಡಿಯಿಂದ ಚುಚ್ಚಿ, ತಣ್ಣನೆಯ ಪಾಕವನ್ನು ಪ್ರತಿಯೊಂದಕ್ಕೂ ಒಂದು ದೊಡ್ಡ ಚಮಚದಂತೆ ಎರಡು ಸಲಕ್ಕೆ ಹಾಕಿ. ಬಾಳೆಹಣ್ಣಿನ ಕೇಕಾದರೆ ಅರ್ಧ ನೀರಿನ ಬದಲು ನಮ್ಮದೇ ಕಾಫಿಯ ಡಿಕಾಕ್ಷನ್ ಹಾಕಿ ನೋಡಿ.

ಮಾರುವವರ ಗಮನಕ್ಕೆ

ಪಾಕ ಕುಡಿದ ಕೇಕು ಜಾಮಿನಂತೆ ಉಳಿಯುತ್ತದೆಂದು ತಿಳಿಯಬಾರದು. ಜಾಮಿನಲ್ಲಿ ಸಕ್ಕರೆ ಮುಂತಾದ ಕರಗಿದ ಅಂಶ ಶೇ. 65ರಷ್ಟಾದರೂ ಇರುವುದರಿಂದ ಬೂಷ್ಟು ಸುಲಭವಾಗಿ ಹಿಡಿಯದು. ನಮ್ಮ ಪಾಕದಲ್ಲಿ ಅರ್ಧ ನೀರೇ. ಮಳೆಗಾಲದಲ್ಲಿ ಹೊರಗಿಟ್ಟರೆ ಎರಡು ದಿನದೊಳಗೆ ಮುಗಿಸಬೇಕು. ಆದ್ದರಿಂದ ಹಣ್ಣನ್ನು ಕೂಡಿಡಿ, ಕೇಕನ್ನು ಕೂಡಿಡಬೇಡಿ. ಆರ್ಡರು ಬಂದ ಮೇಲೆಯೇ ಬೇಯಿಸಿ. ಒಂದು ಸಲ ಹುಳಿ ಬಂದ ಕೇಕು ಹೊರಗೆ ಹೋದರೆ ಗಿರಾಕಿ ಮತ್ತೆ ಬರಲಾರ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ, ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. ಪೊಟ್ಟಣದ ಮೇಲೆ ಸಾಮಾನುಗಳ ಪಟ್ಟಿ, ತಯಾರಿಸಿದ ದಿನಾಂಕ ತಪ್ಪದೆ ಇರಲಿ. ಬೆಲೆ ಕಟ್ಟುವಾಗ ಮೈದಾ, ಬೆಣ್ಣೆ, ಗ್ಯಾಸುಗಳ ಜತೆಗೆ ಮನೆಯ ಹೆಂಗಸರ ದುಡಿಮೆಗೂ ಕೂಲಿ ಹಿಡಿಯಿರಿ. ತೋಟದ ಹಣ್ಣೆಂದು ಅದನ್ನೂ ಪುಕ್ಕಟೆ ಎಣಿಸಬೇಡಿ. ಮನೆಯವರ ಕೆಲಸವನ್ನು ಲೆಕ್ಕಕ್ಕೆ ತಾರದ ಕಸುಬಿನಲ್ಲಿ ಲಾಭ ಕಾಗದದ ಮೇಲೆ ಮಾತ್ರ.

ಮೊದಲಿಗೆ ಒಂದು ಡಜನ್ ಮಾಡಿ, ಊರಿನ ಯಾವುದಾದರೂ ಸಮಾರಂಭಕ್ಕೆ ಕೊಟ್ಟು ರುಚಿಯ ಬಗ್ಗೆ ನಾಲ್ಕು ಜನರ ಮಾತು ಕೇಳಿ. ಬೇಡಿಕೆ ಕಂಡರೆ ಮೂರು ನಾಲ್ಕು ಮನೆಯವರು ಕೂಡಿ ಒಂದು ಒವನ್ ಕೊಳ್ಳಬಹುದು. ಒಬ್ಬರಿಗೆ ಭಾರವಾದದ್ದು ನಾಲ್ವರಿಗೆ ಹಗುರ ಎಂಬುದನ್ನು ಸಹಕಾರಿ ಸಂಘದ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.