ಸಂತೆಕಲ್ಲೂರ ಸೀಮೆಗೆ ಸಮುದಾಯ ಕಾಲೇಜು

ಒಕ್ಕಲುತನವನ್ನು ಕುರಿತು ಕನ್ನಡದಲ್ಲಿ ಶಾಸ್ತ್ರಗ್ರಂಥವುಂಟೇ ಎಂದು ಕೇಳಿದರೆ ನಮ್ಮ ವಿದ್ಯಾವಂತರಲ್ಲಿ ಅನೇಕರು ಒಬ್ಬರ ಮುಖವನ್ನೊಬ್ಬರು ನೋಡುವರು. ಉಂಟು. 19ನೆಯ ಶತಮಾನದಲ್ಲಿ ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ಯನ್ನು ರಚಿಸಿದರು. ದುಡಿಯುವವನ ಕೆಲಸವೂ ಕಲಿಸತಕ್ಕ ವಿದ್ಯೆಯೇ, ಅದನ್ನು ಅವನ ಭಾಷೆಯಲ್ಲಿಯೇ ಕಲಿಸಬಹುದು ಎಂಬುದಕ್ಕೆ ರಾಯಚೂರು ಜಿಲ್ಲೆಯವರು ಪರದೇಶದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಹೀಗಿದ್ದರೂ ಆ ಸೀಮೆಯ ತರುಣನ ಸ್ಥಿತಿಯೇನು? ಸಿಂಧನೂರಿನ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿಯ ಗಿರಣಿಗಳು. ಲಿಂಗಸುಗೂರಿನ ಕಡೆಗೆ ಹಟ್ಟಿಯ ಚಿನ್ನದ ಗಣಿ. ಇವೆರಡರ ನಡುವಣ ಒಣಬೇಸಾಯದ ಹಳ್ಳಿಗಳಿಂದ ಸುಗ್ಗಿ ಮುಗಿಯುತ್ತಲೇ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವು. ತಂದೆತಾಯಿಗಳ ಹಿಂದೆ ಹೋದ ಮಗನು ಪುಸ್ತಕವನ್ನು ಬಿಟ್ಟು ಇಟ್ಟಿಗೆಯನ್ನು ಹಿಡಿಯುವನು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75ರಷ್ಟಿದ್ದಾಗ ರಾಯಚೂರು ಜಿಲ್ಲೆಯದು 60ನ್ನು ಮುಟ್ಟಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. ಇಂಥಲ್ಲಿ ಬರಿಯ ಬಿ.ಎ. ಪದವಿಯ ಬಾಗಿಲನ್ನು ತೆರೆದಿಟ್ಟು ಕುಳಿತರೆ ಒಳಗೆ ಬರುವವರು ಕೆಲವರೇ.

ಸಮುದಾಯ ಕಾಲೇಜೆಂಬ ಮಾತು ಅಮೇರಿಕದಿಂದ ಬಂದುದು. 1901ರಲ್ಲಿ ಜೋಲಿಯೆಟ್ ಪಟ್ಟಣದಲ್ಲಿ ಎರಡು ವರ್ಷದ ಕಾಲೇಜು ಹುಟ್ಟಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರ ಆಯೋಗವು ಈ ಹೆಸರನ್ನು ಬಳಕೆಗೆ ತಂದಿತು. ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಪಾಂಡಿಚೇರಿ, ಮದರಾಸುಗಳಲ್ಲಿ ಪ್ರಯೋಗ ನಡೆಯಿತು. ಬಳಿಕ 2013ರ ಸುಮಾರಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದವರು ಇದಕ್ಕೊಂದು ಯೋಜನೆಯನ್ನು ಮಾಡಿದರು. ಅಲ್ಪಾವಧಿಯ ಪ್ರಮಾಣಪತ್ರ, ಡಿಪ್ಲೊಮಾ. ಪಾಠದಲ್ಲಿ ಕೈಕೆಲಸಕ್ಕೆ ದೊಡ್ಡ ಪಾಲು. ಸ್ಥಳೀಯ ಉದ್ದಿಮೆಗಾರರೊಡನೆ ಸಂಬಂಧ. ಯೋಜನೆ ಒಳ್ಳೆಯದೇ. ಆದರೆ ಅದು ಮೊದಲೇ ಇದ್ದ ಕಾಲೇಜುಗಳಿಗೆ ಅಂಟಿಸಿದ ಯೋಜನೆ. ಕಾಲೇಜಿರುವ ಊರಿಗೆ ಮತ್ತೊಂದು ತರಗತಿ, ಇಲ್ಲದ ಊರಿಗೆ ಸುತ್ತೋಲೆ!

ಏನನ್ನು ಕಲಿಸಬೇಕು? ಇದಕ್ಕೆ ಸಮಿತಿ ಬೇಡ, ಊರ ಸುತ್ತ ಒಮ್ಮೆ ನಡೆದರೆ ಸಾಕು. ಟ್ರ್ಯಾಕ್ಟರು ಮತ್ತು ಪಂಪುಗಳ ರಿಪೇರಿ, ಗಿರಣಿಯ ಯಂತ್ರಗಳ ನಿರ್ವಹಣೆ, ಹನಿ ನೀರಾವರಿ, ವಿದ್ಯುತ್ ಕೆಲಸ, ರೋಗಿಶುಶ್ರೂಷೆ, ಲೆಕ್ಕಪತ್ರ. ಲಿಂಗಸುಗೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವುಂಟು, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವುಂಟು. ಅಲ್ಲಿಯ ಶಿಕ್ಷಕರು ವಾರಕ್ಕೆರಡು ದಿನ ಹಳ್ಳಿಯ ಕಡೆಗೆ ಬಂದರೆ ಅವರ ಘನತೆಗೇನೂ ಕುಂದಿಲ್ಲ.

ಭಾಷೆಯ ಮಾತನ್ನು ನಾವು ಬಿಡಲಾರೆವು. ನಿಜಾಮರ ಆಳ್ವಿಕೆಯಲ್ಲಿ ಈ ಭಾಗದ ಬಾಲಕನು ಲೆಕ್ಕವನ್ನೂ ಭೂಗೋಳವನ್ನೂ ಉರ್ದುವಿನ ಮೂಲಕ ಕಲಿಯಬೇಕಾಗಿತ್ತು. ಕನ್ನಡ ಶಾಲೆಗಳಿಗಾಗಿ ಜನರು ಪಟ್ಟ ಪಾಡು ಈಗ ಕಥೆಯಾಗಿದೆ. ಇಂದು ಫಿಟ್ಟರನ ಕೆಲಸ ಬಲ್ಲ ಹುಡುಗನು ಇಂಗ್ಲಿಷಿನ ಪ್ರಶ್ನಪತ್ರಿಕೆಯ ಮುಂದೆ ಮೂಕನಾಗಿ ಕುಳಿತರೆ, ಭಾಷೆ ಬದಲಾಯಿತೇ ಹೊರತು ಗೋಡೆ ಬದಲಾಗಲಿಲ್ಲ. ಇಂಗ್ಲಿಷ್ ಬೇಡವೆಂದು ನಾವು ಹೇಳುವದಿಲ್ಲ. ಕೆಲಸವನ್ನು ಕನ್ನಡದಲ್ಲಿ ಕಲಿಸಲಿ, ಪರೀಕ್ಷಿಸಲಿ. ಇಂಗ್ಲಿಷನ್ನು ಬೇರೆ ಪಾಠವಾಗಿ ಚೆನ್ನಾಗಿ ಕಲಿಸಲಿ.

ಎಲ್ಲಕ್ಕಿಂತ ಮುಖ್ಯವಾದುದು ವಿದ್ಯಾರ್ಥಿಗೆ ಒದಗಿಸುವ ಆಸರೆ. ಅಧಿಕಾರಿಗಳು ಇದನ್ನು ಕಡತದ ಕೊನೆಯ ಪುಟಕ್ಕೆ ತಳ್ಳುವ ವಾಡಿಕೆಯುಂಟು. ಗುಳೆಯ ತಿಂಗಳುಗಳಲ್ಲಿ ಹುಡುಗನು ಊರಲ್ಲಿ ಉಳಿಯಬೇಕಾದರೆ ಅವನ ಕೂಲಿಯ ಬದಲಿಗೆ ಏನಾದರೂ ಮನೆಗೆ ಬರಲೇಬೇಕು. 1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಕಲಿಯುವವನಿಗೆ ವೇತನ ಕೊಡುವ ಕಟ್ಟಳೆಯುಂಟು. ಗಿರಣಿಗಳೂ ಗಣಿಯೂ ಗುಳೆಯ ಕಾಲದಲ್ಲಿಯೇ ಅವನನ್ನು ಕೆಲಸ ಕಲಿಯಲು ಸೇರಿಸಿಕೊಳ್ಳುವಂತೆ ಪಾಠದ ವರ್ಷವನ್ನು ಹೊಂದಿಸುವದು ಅಸಾಧ್ಯವೇನಲ್ಲ. ತಂದೆತಾಯಿಗಳು ಗುಳೆ ಹೋದ ಹುಡುಗಿಗೆ ವಸತಿನಿಲಯ ಬೇಕು, ಇಲ್ಲದಿದ್ದರೆ ಅವಳೂ ಗಂಟುಮೂಟೆಯೊಡನೆ ಬಸ್ಸು ಹತ್ತುವಳು. 2023ರ ಜೂನಿನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿದೆಯೆಂಬುದು ಸಂತೋಷದ ಸಂಗತಿ. ಆದರೆ ಸಂಜೆಯ ಪಾಠ ಮುಗಿದ ಮೇಲೆ ಬಸ್ಸೇ ಇಲ್ಲದಿದ್ದರೆ ಬಿಟ್ಟಿ ಟಿಕೆಟ್ಟಿನಿಂದೇನು?

ಹಣವೆಲ್ಲಿ ಎಂದು ಕೇಳುವವರು ಸಂವಿಧಾನದ 371(ಜೆ) ವಿಧಿಯನ್ನು ಓದತಕ್ಕದ್ದು. 2012ರ ತಿದ್ದುಪಡಿಯಿಂದ ಬಂದ ಆ ವಿಧಿಯಲ್ಲಿ ಶಿಕ್ಷಣದೊಡನೆ ವೃತ್ತಿತರಬೇತಿಯ ಹೆಸರನ್ನೂ ಬಿಡಿಸಿ ಬರೆದಿದೆ. ಅದರ ಮೇರೆಗೆ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿಯು ಕಲಬುರ್ಗಿಯಲ್ಲಿದೆ. ಮಸ್ಕಿ ತಾಲೂಕಿನ ಮಹಾಜನರು ಕಟ್ಟಡಕ್ಕಿಂತ ಮೊದಲು ಶಿಕ್ಷಕರನ್ನೂ ವಸತಿನಿಲಯವನ್ನೂ ಸಂಜೆಯ ಬಸ್ಸನ್ನೂ ಕೇಳಿ ಮಂಡಳಿಯವರಿಗೆ ಮನವಿಯನ್ನು ಕಳಿಸಲಿ. ಬರುವ ಸುಗ್ಗಿಗೆ ಮೊದಲೇ ಕಳಿಸಿದರೆ ಒಳ್ಳೆಯದು.