200 ಯೂನಿಟ್ ಗೆರೆ ದಾಟಿಸೋದು ಬಲ್ಬ್ ಅಲ್ಲ, ಬಿಸಿನೀರು

'ಲೈಟ್ ಆರಿಸು, ಬಿಲ್ ಬರುತ್ತೆ' ಅನ್ನೋ ಗದರಿಕೆ ಈಗಲೂ ಮನೆಮನೆಯಲ್ಲಿ ಕೇಳುತ್ತೆ. ಅದು 60 ವ್ಯಾಟ್ ಬಲ್ಬ್ ಕಾಲದ ಮಾತು. ಈಗಿನ 9 ವ್ಯಾಟ್ ಎಲ್ಇಡಿ ಹತ್ತು ಗಂಟೆ ಉರಿದರೂ ಖರ್ಚಾಗೋದು 0.09 ಯೂನಿಟ್. 2,000 ವ್ಯಾಟ್ ಗೀಸರ್ ಅಷ್ಟನ್ನು ಮೂರೇ ನಿಮಿಷದಲ್ಲಿ ನುಂಗುತ್ತೆ. ಆರಿಸಬೇಡಿ ಅಂತಲ್ಲ, ಗದರಬೇಕಾದ ಜಾಗ ಬೇರೆ.

ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕಕ್ಕೆ ತೂಕ ಹೆಚ್ಚಿದೆ. ಯೋಜನೆ ಅಂದರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ರ ನಿಮ್ಮ ತಿಂಗಳ ಸರಾಸರಿ 120 ಯೂನಿಟ್ ಇದ್ದರೆ, ಶೇ 10 ಸೇರಿಸಿ 132 ಮಾತ್ರ ಉಚಿತ. 199 ಬಳಸಿದರೆ ಹೆಚ್ಚುವರಿ 67ಕ್ಕೆ ದುಡ್ಡು ಕಟ್ಟಬೇಕು. ಯೂನಿಟ್‌ಗೆ ಸುಮಾರು 6 ರೂ. ಹಿಡಿದರೆ 400 ರೂ. ಆದರೆ 201 ಆಯಿತೋ, ಅಷ್ಟೂ ಯೂನಿಟ್‌ಗೆ ಬಿಲ್. ಬಳಕೆಯ ದರವೇ 1,200 ರೂ. ದಾಟುತ್ತೆ. ಕೊನೆಯ ಎರಡು ಯೂನಿಟ್‌ಗೆ 800 ರೂ. ತೆತ್ತಂತೆ!

200ನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 6.7 ಯೂನಿಟ್. ಈಗ ಬಚ್ಚಲುಮನೆಗೆ ಬನ್ನಿ. 22 ಡಿಗ್ರಿ ನೀರನ್ನು ಸ್ನಾನದ 40 ಡಿಗ್ರಿಗೆ ತರಬೇಕು. 18 ಲೀಟರಿನ ಒಂದು ಬಕೆಟ್‌ಗೆ ಬೇಕಾಗೋದು ಸುಮಾರು 0.38 ಯೂನಿಟ್. ನಿಮಿಷಕ್ಕೆ 8 ಲೀಟರ್ ಸುರಿಸುವ ಶವರ್ ಕೆಳಗೆ ಆರು ನಿಮಿಷ ನಿಂತರೆ 48 ಲೀಟರ್, ಸರಿಯಾಗಿ ಒಂದು ಯೂನಿಟ್. ನಾಲ್ಕು ಜನರ ಮನೆಯಲ್ಲಿ ಬಕೆಟ್ ಆದರೆ ತಿಂಗಳಿಗೆ 45, ಶವರ್ ಆದರೆ 120. ಅಂತರ 75 ಯೂನಿಟ್. ಬಕೆಟ್-ಚೆಂಬು ಹಳೇ ಕಾಲದ್ದು ಅನ್ನೋ ಬಿಗುಮಾನ ಫ್ಲ್ಯಾಟ್‌ಗಳಲ್ಲಿದೆ. ಆ ಬಿಗುಮಾನಕ್ಕೆ ಬೆಲೆ ಇಷ್ಟು.

ಗೀಸರ್‌ನ ಉಷ್ಣತೆ ಇಳಿಸಿಟ್ಟರೆ ಭಾರೀ ಉಳಿತಾಯ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತೆ. ಅರ್ಧ ಸತ್ಯ. ಕೊನೆಗೆ ಮೈಮೇಲೆ ಅಷ್ಟೇ ಬಿಸಿನೀರು ಸುರಿದುಕೊಂಡರೆ ಕರೆಂಟ್ ಹೆಚ್ಚೂಕಮ್ಮಿ ಅಷ್ಟೇ. ಸುಮ್ಮನೆ ಆರಿಹೋಗುವ ಶಾಖ ಮಾತ್ರ ಉಳಿಯುತ್ತೆ. ಅದಕ್ಕೆ ಒಬ್ಬರಾದ ಮೇಲೆ ಒಬ್ಬರು ಸ್ನಾನ ಮುಗಿಸಿ ಸ್ವಿಚ್ ಆಫ್ ಮಾಡಿದರೆ ಸಾಕು.

ಎರಡನೇ ಜಾಗ ಫ್ಯಾನ್. ಹಳೇದು 75 ವ್ಯಾಟ್, ಬಿಎಲ್‌ಡಿಸಿ ಆದರೆ 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಒಂದಕ್ಕೇ 16 ಯೂನಿಟ್ ಉಳಿತಾಯ. ಬಾಡಿಗೆ ಮನೆಯಲ್ಲಿ ಫ್ಯಾನ್ ಕೊಳ್ಳೋದು ಓನರ್, ಬಿಲ್ ಕಟ್ಟೋದು ನೀವು. ಹಾಗಾಗಿ ಅಗ್ಗದ್ದೇ ತಿರುಗುತ್ತಿರುತ್ತೆ. ಸ್ವಂತದ್ದು ಹಾಕಿಸಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಿ. ನನಗದರಲ್ಲಿ ಮುಜುಗರ ಕಾಣಲ್ಲ.

ನೀರು ಪೋಲಾದರೂ ಕರೆಂಟ್ ಪೋಲಾದಂತೆಯೇ. ಬೆಂಗಳೂರಿಗೆ ಕಾವೇರಿ ಬರೋದು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ. ಸಾವಿರ ಲೀಟರ್ ಎತ್ತಲು ಕನಿಷ್ಠ 1.36 ಯೂನಿಟ್ ಬೇಕೇ ಬೇಕು. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವಾಗ ನಿಮ್ಮ ಮೋಟಾರಿನ ಖರ್ಚು ಬೇರೆ.

ಬಿಲ್ ಬರೋವರೆಗೆ ಕಾಯಬೇಡಿ. ಕಳೆದ ಬಿಲ್‌ನಲ್ಲಿರುವ ರೀಡಿಂಗ್ ನೋಡಿಕೊಳ್ಳಿ, ಇಪ್ಪತ್ತನೇ ದಿನ ಮೀಟರ್‌ನ ಅಂಕಿಯಿಂದ ಅದನ್ನು ಕಳೆಯಿರಿ. 133 ದಾಟಿದ್ದರೆ, ಉಳಿದ ಹತ್ತು ದಿನ ಬಕೆಟ್ಟೇ ಗತಿ.